ಕಡ್ಡಿ ಮುರಿದ ಹಾಗೆ

ಶಂಕರಪುರದಲ್ಲಿ, ಇಗರ್ಜಿಯ ಹಿಂದಿನ ಓಣಿಯಲ್ಲಿ,
ಸೆವ್ರಿನ್ ಬಾಯಿಯವರ ಪೇರಳೆ ಮರದ ಹತ್ತಿರ
ರಾತ್ರಿ ಒಂಬತ್ತಕ್ಕೆ ಟಾರ್ಚು ಹಿಡಿದು ನಿಲ್ಲುವುದು
ಈ ತಿಂಗಳು ನನ್ನ ಕೆಲಸ.
ಕೈಯಲ್ಲೊಂದು ಫಾರಮ್ಮು. ಅದರಲ್ಲಿ ಕಾಲಮ್ಮುಗಳು:
ಬೆಳೆ ಯಾವುದು, ಕೀಟ ಎಷ್ಟು,
ಎಲೆ ನೂರಕ್ಕೆ ಎಷ್ಟು ಹೋಯಿತು,
ಪೀಡೆಯೋ ಅಲ್ಲವೋ, ಒಂದಕ್ಕೆ ಗುರುತು ಹಾಕಿ.

ಹಗಲು ಬಂದರೆ ಏನೂ ಕಾಣುವುದಿಲ್ಲ.
ಮರ ಉಂಟು, ಕಡ್ಡಿ ಉಂಟು, ಕಡ್ಡಿಯ ಪಕ್ಕ ಕಡ್ಡಿ ಉಂಟು.
ರಾತ್ರಿ ಅದರಲ್ಲೊಂದು
ಮುಂಗಾಲು ಎತ್ತಿ, ಸ್ವಲ್ಪ ಯೋಚಿಸಿ,
ಎಲೆಯ ಅಂಚಿನಿಂದ ಒಳಗೊಳಗೆ ಕತ್ತರಿಸುತ್ತ ಬರುತ್ತದೆ,
ಗೀಟು ಹಾಕದೆ ಬಟ್ಟೆ ಕತ್ತರಿಸುವ ಹಳೆ ದರ್ಜಿ.
ಗಾಳಿ ಬೀಸಿದರೆ ಓಲಾಡುತ್ತದೆ.
ಗಾಳಿ ನಿಂತ ಮೇಲೂ ಎರಡು ಸಲ ಹೆಚ್ಚು ಓಲಾಡುತ್ತದೆ.
ಆ ಎರಡು ಸಲದಲ್ಲಿ ನನಗೆ ಸಿಕ್ಕಿಬೀಳುತ್ತದೆ.

ಸಿಕ್ಕಿದ್ದೆಲ್ಲ ಹೆಣ್ಣು.
ಇಪ್ಪತ್ತಮೂರು ಹೆಣ್ಣು. ಗಂಡಿನ ಕಾಲಮ್ಮು ಖಾಲಿ.
ಗಂಡಿಲ್ಲದೆಯೂ ಮೊಟ್ಟೆ ಇಡುತ್ತವೆ ಬಾಯಮ್ಮ, ಎಂದೆ,
ತಾಯಿಯಿಂದ ಮಗಳು, ಮಗಳಿಂದ ಮಗಳು.
"ನಿಮ್ಮ ಅಳಿಯಕಟ್ಟಿಗಿಂತ ಚಂದ ಆಯ್ತಲ್ಲ ಮಾರಾಯ್ತಿ,
ಅಳಿಯನ ರಗಳೆ ಇಲ್ಲ, ಮಾವನ ರಗಳೆಯೂ ಇಲ್ಲ."

ಮೊಟ್ಟೆ ಇಡುವುದೆಂದರೆ ಕೂತು ಇಡುವುದಲ್ಲ.
ಮೇಲಿನಿಂದ ಸುಮ್ಮನೆ ಕೈಬಿಡುವುದು.
ಒಣ ಎಲೆಯ ಮೇಲೆ ಟಪ್.
ತುಂಬಾ ಹೊತ್ತು ಬಿಟ್ಟು, ಟಪ್.
ಬೀಜವೆಂದುಕೊಂಡು ಇರುವೆ ಹೊತ್ತು ನಡೆಯುತ್ತದೆ.
ಉಳಿದದ್ದು ಬೆಳಿಗ್ಗೆ ಬಾಯಿಯವರ ಹಿಡಿಸೂಡಿಗೆ ಸಿಕ್ಕಿ
ತರಗೆಲೆಯೊಂದಿಗೆ ಮಲ್ಲಿಗೆ ಗಿಡಗಳ ಬುಡಕ್ಕೆ.

ಹಾಗೆಯೇ ಇರಬೇಕು, ಮೊನ್ನೆ ಗುರುವಾರ,
ಮದುವೆಗಳ ಕಾಲ, ಹೂವಿನ ಅಟ್ಟೆಗೆ ಬೆಂಕಿಯ ರೇಟು,
ಒದ್ದೆ ಬಾಳೆನಾರಿನ ಕಟ್ಟಿನಲ್ಲಿ ಒಂದು ನಾರು ಹೆಚ್ಚಿತ್ತು.
ಜಾರಪ್ಪಣ್ಣನ ಸ್ಕೂಟರಿನಲ್ಲಿ ಕಟ್ಟೆಗೆ ಹೋಯಿತು,
ಕಟ್ಟೆಯಿಂದ ಬಸ್ಸಿನ ಟಾಪಿನಲ್ಲಿ ಮಂಗಳೂರಿಗೆ,
ಅಲ್ಲಿ ಯಾವುದೋ ಮಂಟಪದಲ್ಲಿ, ಧಾರೆಯ ಹೊತ್ತಿಗೆ ಸರಿಯಾಗಿ
ಮದುಮಗಳ ಜಡೆಯಿಂದ ಎದ್ದು
ಮದುಮಗನ ಭುಜದ ಕಡೆಗೆ ನಡೆಯಿತಂತೆ,
ಅವಸರವೇ ಇಲ್ಲದೆ.

ಜಾರಪ್ಪಣ್ಣನ ಫೋನು:
"ಹೂವಿನಲ್ಲಿ ಕಡ್ಡಿ ಉಂಟಂತೆ ಬಾಯಮ್ಮ. ನಡೆಯುವ ಕಡ್ಡಿ."
"ನಡೆಯದ ಕಡ್ಡಿ ಬೇಕಾದರೆ
ಪ್ಲಾಸ್ಟಿಕ್ ಹೂ ಮುಡಿಯಲಿಕ್ಕೆ ಹೇಳಿ."
ಕಡ್ಡಿ ಮುರಿದ ಹಾಗೆ ಅಷ್ಟೇ ಹೇಳಿ ಇಟ್ಟರು.

ಆಮೇಲೆ ತುಂಬಾ ಹೊತ್ತು ಮಾತಿಲ್ಲ.
ಮುಂದಿನ ವಾರ ಅವನು ಬರುತ್ತಾನೋ ಇಲ್ಲವೋ.
ನಾನು ಮಾತು ತಿರುಗಿಸಲೆಂದು ಟಾರ್ಚು ಹಿಡಿದು ತೋರಿಸಿದೆ:
ನೋಡಿ, ಇದರ ಒಂದು ಕಾಲು ಗಿಡ್ಡ.
ಎಲ್ಲೋ ಮುರಿದಿದೆ, ಈಗ ಹೊಸತು ಬರುತ್ತಿದೆ,
ಸುರುಳಿ ಸುತ್ತಿಕೊಂಡು, ಹುರುಳಿಯ ಮೊಳಕೆಯಷ್ಟು.

ಬಗ್ಗಿ ನೋಡಿದರು. ಕನ್ನಡಕ ಒರಸಿ ಮತ್ತೆ ನೋಡಿದರು.
ಎಡಗೈ ಬೆಳಕಿಗೆ ತಂದರು,
ಕಾಯಿ ಸುಲಿಯುವಾಗ ಹೋದ ತೋರುಬೆರಳಿನ ತುದಿ,
ಅದೇ ಮೋಟು ಬೆರಳಿನಿಂದ ನಲವತ್ತು ವರ್ಷದ ಹೂಗಂಟು.
"ಇದು ಯಾವಾಗ ಬರ್ತದೆ,
ನಿನ್ನ ಆಫೀಸಿನವರ ಹತ್ತಿರ ಕೇಳು ಒಮ್ಮೆ."
ನಗುತ್ತಿದ್ದರೋ ಏನೋ. ಟಾರ್ಚು ಅವರ ಮುಖದ ಮೇಲಿರಲಿಲ್ಲ.

ಎಲೆ ನೂರಕ್ಕೆ ನಾಲ್ಕು, ಎಂದು ಬರೆದೆ.
ಇನ್ನು ಪೀಡೆಯೋ ಅಲ್ಲವೋ.
"ಪೀಡೆ ಅಂತ ಬರೆಯಬೇಡ. ಒಕ್ಕಲು ಅಂತ ಬರಿ.
ಗೇಣಿ ಕೊಡುವುದಿಲ್ಲ, ಅಷ್ಟೇ."
ಅಂಥ ಕಾಲಮ್ಮು ಇಲ್ಲ ಬಾಯಮ್ಮ.
"ಇಲ್ಲದಿದ್ದರೆ ಗೀಟು ಎಳೆ, ಮಾಡು."

ಸರಿ ಎಂದು
ಕವಲಿನಲ್ಲಿ ಸಿಕ್ಕಿಸಿಟ್ಟ ಪೆನ್ನಿಗೆ ಕೈ ಚಾಚಿದೆ.
ಪೆನ್ನು ನನ್ನ ಬೆರಳು ಹತ್ತಿತು.